‘ಬೇಡ’ ಅಂದವನೇ ಉಳಿಸಿಕೊಟ್ಟ ಹಾಡು

ಇಂಗ್ಲೆಂಡಿನ ಟೆನ್ ಸಿಸಿ ಬ್ಯಾಂಡಿನ ‘ಐ ಆಮ್ ನಾಟ್ ಇನ್ ಲವ್’ ಹಾಡಿನ ಹಿಂದೆ ಮೋಡದ ಹಾಗೆ ತೇಲುತ್ತಲೇ ಇರುವ ಒಂದು ದನಿ ಇದೆ. ಅದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ ಅಂತ ಎಷ್ಟೋ ಜನ ನಂಬಿದ್ದಾರೆ. ಅಲ್ಲ, ಅದು ಮನುಷ್ಯರ ಗಂಟಲು. ಅದೂ ಮೂರೇ ಜನರದ್ದು.

ಹಾಡು ಹುಟ್ಟಿದ್ದು ಗಂಡ ಹೆಂಡತಿಯ ಮಾತಿನಿಂದ. ‘ನಿನ್ನನ್ನ ಪ್ರೀತಿಸ್ತೀನಿ’ ಅಂತ ನೀವು ಜಾಸ್ತಿ ಹೇಳೋದೇ ಇಲ್ಲ ಎಂದು ಬ್ಯಾಂಡಿನ ನಾಲ್ವರಲ್ಲಿ ಒಬ್ಬರಾದ ಎರಿಕ್ ಸ್ಟುವರ್ಟ್ ಅವರ ಹೆಂಡತಿ ಕೇಳಿದರಂತೆ. ದಿನಾ ಹೇಳಿದರೆ ಆ ಮಾತಿಗೆ ಬೆಲೆ ಇರೋದಿಲ್ಲ ಅನ್ನೋದು ಇವರ ಯೋಚನೆ. ಅದಕ್ಕೇ ಉಲ್ಟಾ ಬರೆದರು. ನನಗೆ ಪ್ರೀತಿ ಗೀತಿ ಏನಿಲ್ಲ, ನಿನ್ನ ಫೋಟೋ ಗೋಡೆ ಮೇಲಿರೋದು ಅಲ್ಲಿರುವ ಕಲೆ ಮುಚ್ಚೋಕೆ ಅಷ್ಟೇ ಅಂತಾನೆ ಹಾಡುವವನು. ಒಂದೊಂದು ನೆಪದಲ್ಲೂ ಸಿಕ್ಕಿಬೀಳುತ್ತಾನೆ. ಪ್ರೀತಿಯನ್ನು ಇಷ್ಟು ಚೆನ್ನಾಗಿ ಹೇಳಿದ ಪಾಪ್ ಹಾಡು ನನಗಂತೂ ಇನ್ನೊಂದಿಲ್ಲ.

ಸ್ಟುವರ್ಟ್ ಮತ್ತು ಬ್ಯಾಂಡಿನ ಗ್ರಹಾಂ ಗೌಲ್ಡ್‌ಮನ್ ಸೇರಿ ಮೊದಲು ಇದನ್ನು ಬೊಸ್ಸಾ ನೋವಾ ಎಂಬ ಬ್ರೆಜಿಲ್‌ನ ತಾಳದಲ್ಲಿ ಮಾಡಿದ್ದರು. ಬ್ಯಾಂಡಿನ ಕೆವಿನ್ ಗಾಡ್ಲಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ, ಮುಖದ ಮೇಲೇ ಹೇಳಿದರು. ಬ್ಯಾಂಡಿನವರು ಟೇಪನ್ನೂ ಅಳಿಸಿಬಿಟ್ಟರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನಲ್ಲಿದ್ದ ಅವರ ಸ್ಟ್ರಾಬೆರಿ ಸ್ಟುಡಿಯೋದ ಕೆಲಸದವರು ಓಡಾಡುವಾಗಲೂ ಆ ರಾಗವನ್ನೇ ಗುನುಗುತ್ತಿದ್ದರು. ಮತ್ತೆ ಮಾಡೋಣ ಎಂದಾಗ ಅದೇ ಗಾಡ್ಲಿ, ವಾದ್ಯ ಬಿಡಿ, ಬರೀ ದನಿಯಲ್ಲೇ ಕಟ್ಟೋಣ ಎಂದರು. ಹಾಡು ಬರೆದವರ ಹೆಸರು ರೆಕಾರ್ಡಿನ ಮೇಲಿದೆ, ಸರಿ. ಆದರೆ ಇವತ್ತಿಗೂ ಅದು ಉಳಿದಿರೋದು ಗಾಡ್ಲಿ ಸುಮ್ನೆ ಒಪ್ಪಿಕೊಳ್ಳದೆ ಇದ್ದದ್ದರಿಂದ ಅಂತ ನಾನು ಹೇಳುತ್ತೇನೆ.

ಆಮೇಲೆ ನಡೆದ ಕೆಲಸ ನೋಡಿ. ಗೌಲ್ಡ್‌ಮನ್, ಗಾಡ್ಲಿ, ಲೋಲ್ ಕ್ರೀಮ್ ಮೂವರೂ ಮೈಕಿನ ಮುಂದೆ ನಿಂತು ಒಂದೇ ಸ್ವರದಲ್ಲಿ ‘ಆ’ ಅಂತ ಎಳೆಯಬೇಕು. ಒಂದು ಸ್ವರಕ್ಕೆ 16 ಸಲ. ಅಂದರೆ 48 ದನಿ. ಹೀಗೆ ಸಪ್ತಕದ 12 ಸ್ವರಕ್ಕೂ. ಮೂರು ವಾರ ಇದೇ ಕೆಲಸ! ದನಿ ಎಲ್ಲೂ ನಿಲ್ಲಬಾರದಲ್ವಾ, ಅದಕ್ಕೆ ಕ್ರೀಮ್ ಟೇಪ್ ಲೂಪ್ ಮಾಡೋಣ ಎಂದರು. ಸುಮಾರು 12 ಅಡಿ ಉದ್ದದ ಟೇಪಿನ ಎರಡೂ ತುದಿ ಅಂಟಿಸಿ, ಒಂದು ಕಡೆ ರೆಕಾರ್ಡರಿಗೆ, ಇನ್ನೊಂದು ಕಡೆ ಮೈಕ್ ಸ್ಟ್ಯಾಂಡಿಗೆ ಕಟ್ಟಿದ ರಾಟೆಗೆ ಸುತ್ತಿ ಓಡಿಸಿದರು. ಕೊನೆಗೆ ಪ್ರತಿ ಸ್ವರವೂ ಮಿಕ್ಸಿಂಗ್ ಡೆಸ್ಕಿನ ಒಂದೊಂದು ಫೇಡರಿಗೆ, ಅಂದರೆ ದನಿ ಏರಿಸಿ ಇಳಿಸುವ ಗುಂಡಿಗೆ ಬಂತು. ನಾಲ್ವರೂ ಡೆಸ್ಕಿನ ಮುಂದೆ ಕೂತು, ಫೇಡರ್ ಏರಿಸಿ ಇಳಿಸಿ ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ ನುಡಿಸಿದರು. ಯಾವ ಫೇಡರೂ ಪೂರ್ತಿ ಕೆಳಗೆ ಇಳಿಯದ ಹಾಗೆ ಅಡಿಯಲ್ಲಿ ಅಂಟುಪಟ್ಟಿ ಹಚ್ಚಿದ್ದರು. ಆದ್ದರಿಂದಲೇ ಹಾಡು ಒಂದು ಗಳಿಗೆಯೂ ಮೌನವಾಗೋದಿಲ್ಲ. ಹೆಡ್‌ಫೋನ್ ಹಾಕಿ ಕೇಳಿದರೆ ಇದು ಗೊತ್ತಾಗುತ್ತದೆ. ಸಿಂಥಸೈಜರ್ ಬೇರೆ ಕಡೆ ಇದೆ ಅನ್ನಿ. ಎದೆ ಬಡಿತದಂತೆ ಕೇಳುವ ಡ್ರಮ್ ಗಾಡ್ಲಿ ‘ಮೂಗ್’ ಎಂಬ ಸಿಂಥಸೈಜರಿನಲ್ಲಿ ನುಡಿಸಿದ್ದು.

ನಡುವೆ ಒಬ್ಬ ಹೆಣ್ಣುಮಗಳು ಪಿಸುಗುಟ್ಟುತ್ತಾಳೆ, ದೊಡ್ಡ ಹುಡುಗರು ಅಳೋದಿಲ್ಲ ಅಂತ. ಆಕೆ ಗಾಯಕಿಯಲ್ಲ, ಸ್ಟುಡಿಯೋದ ಸೆಕ್ರೆಟರಿ. ಸ್ಟುವರ್ಟ್ ಅವರಿಗೆ ಫೋನ್ ಬಂದಿದೆ ಅಂತ ಬಾಗಿಲು ತೆರೆದು ಮೆಲ್ಲಗೆ ಹೇಳಿದ್ದೇ ತಡ, ಇದೇ ದನಿ ಬೇಕು ಎಂದು ಹಿಡಿದು ಕೂರಿಸಿದರು.

1975ರ ಮೇ ತಿಂಗಳಲ್ಲಿ ಸಿಂಗಲ್ ಬಂತು. ಬ್ರಿಟನ್ನಿನಲ್ಲಿ ಎರಡು ವಾರ ಮೊದಲ ಸ್ಥಾನ. ಅಮೆರಿಕದಲ್ಲಿ ಮಾತ್ರ ಮೂರು ವಾರ ಎರಡನೇ ಸ್ಥಾನದಲ್ಲೇ ನಿಂತಿತು. ಆ ಮೂರು ವಾರವೂ ಮೇಲಿದ್ದದ್ದು ಬೇರೆ ಬೇರೆ ಹಾಡು. ಮೊದಲು ವ್ಯಾನ್ ಮೆಕಾಯ್, ಆಮೇಲೆ ಈಗಲ್ಸ್, ಆಮೇಲೆ ಬೀ ಜೀಸ್. ಮೇಲಿನವರು ವಾರ ವಾರ ಬದಲಾದರು, ಇದು ಮಾತ್ರ ಅಲ್ಲೇ ಇತ್ತು. ನನಗೆ ಇದು ಈಗಲೂ ಅನ್ಯಾಯ ಅನ್ನಿಸುತ್ತದೆ. ಮರುವರ್ಷ ಹಾಡು ಬರೆಯುವವರಿಗೆ ಬ್ರಿಟನ್ನಿನಲ್ಲಿ ಕೊಡುವ ಐವರ್ ನೊವೆಲ್ಲೊ ಪ್ರಶಸ್ತಿ ಮೂರು ಬಂದವು. ಅದೇ 1976ರಲ್ಲಿ ಗಾಡ್ಲಿ, ಕ್ರೀಮ್ ಇಬ್ಬರೂ ಬ್ಯಾಂಡ್ ಬಿಟ್ಟರು.

ಅಮೆರಿಕದ ರೇಡಿಯೋಗೆಂದು ಕತ್ತರಿಸಿದ ಚಿಕ್ಕ ರೂಪವೂ ಇದೆ. ದಯವಿಟ್ಟು ಅದನ್ನು ಹಾಕಬೇಡಿ. ‘ದಿ ಒರಿಜಿನಲ್ ಸೌಂಡ್‌ಟ್ರ್ಯಾಕ್’ ಆಲ್ಬಮ್ಮಿನಲ್ಲಿರುವ ಆರು ನಿಮಿಷದ್ದನ್ನೇ ಪೂರ್ತಿ ಕೇಳಿ.