ನಕ್ಕರೆ ಔಟ್

ಭಾನುವಾರ ಬೆಳಗ್ಗೆ ಅಕ್ಕನ ಮಗ ಬಾಯಿ ತುಂಬ ನೀರು ತುಂಬಿಕೊಂಡು ಫೋನಿನ ಮುಂದೆ ಕೂತಿದ್ದ. ಎರಡೂ ಕೆನ್ನೆ ಪೂರಿಯ ಹಾಗೆ ಉಬ್ಬಿದ್ದವು. ಏನಾಯ್ತೋ ಅಂದೆ. ಕೈಯಲ್ಲೇ 'ಆಚೆ ಹೋಗು' ಅಂದ. ಬಗ್ಗಿ ನೋಡಿದರೆ ಫೋನಿನಲ್ಲೂ ಒಬ್ಬ ಹಾಗೇ ನೀರು ತುಂಬಿಕೊಂಡು ಕೂತಿದ್ದಾನೆ. ಅವನ ಮುಂದೆ ಇನ್ನೊಂದು ಪರದೆ, ಅದರಲ್ಲಿ ಬೆಕ್ಕೊಂದು ಫ್ರಿಜ್ ಮೇಲಿಂದ ಜಾರಿ ಬೀಳುತ್ತಿದೆ. ಅವನು ನಗಬಾರದು. ಅವನನ್ನು ನೋಡುವ ಇವನೂ ನಗಬಾರದು. ಒಟ್ಟಿನಲ್ಲಿ ಒಂದು ಬೆಕ್ಕು ಬಿದ್ದದ್ದಕ್ಕೆ ಎರಡು ದೇಶಗಳಲ್ಲಿ ಇಬ್ಬರು ಮುಖ ಬಿಗಿದುಕೊಂಡು ಕೂತಿದ್ದರು. ಇದಕ್ಕೆ 'ಟ್ರೈ ನಾಟ್ ಟು ಲಾಫ್' ಅಂತ ಹೆಸರು.

ನೀರು ಯಾಕೆ ಅಂತೀರಾ? ತುಟಿ ಸೊಟ್ಟಗಾಗಿದ್ದು ನಗುವೋ ಅಲ್ಲವೋ ಅಂತ ವಾದ ಮಾಡಬಹುದು. ಗೋಡೆ ಮೇಲೆ ಬಿದ್ದ ನೀರಿಗೆ ವಾದ ಇಲ್ಲ, ಸೀದಾ ಮಹಜರು.

ನಮ್ಮ ಕಾಲದಲ್ಲಿ ಈ ಆಟ ಬಿಟ್ಟಿ ಸಿಗುತ್ತಿತ್ತು. ಸ್ಕೂಲಿನ ಪ್ರಾರ್ಥನೆಯಲ್ಲಿ ಮುಂದೆ ನಿಂತವನ ಚಡ್ಡಿ ಹೊಲಿಗೆ ಬಿಟ್ಟಿದ್ದರೆ ಸಾಕು, ಇಡೀ ಸಾಲು ಒಳಗೊಳಗೇ ಕುಲುಕುತ್ತಿತ್ತು. ದೊಡ್ಡಪ್ಪನ ಹನ್ನೊಂದನೇ ದಿನ ಮಂತ್ರದ ನಡುವೆ ಪುರೋಹಿತರ ಸೊಂಟದಿಂದ ಕೋಳಿ ಕೂಗಿತು. ರಿಂಗ್‌ಟೋನ್. ನಾವು ನಾಲ್ಕು ಜನ ಮುಖಕ್ಕೆ ಟವೆಲ್ ಒತ್ತಿಕೊಂಡು ಹಿತ್ತಲಿಗೆ ಓಡಿದೆವು. ಪಾಪ, ಎಷ್ಟು ದುಃಖ ಅಂದರು ನೆಂಟರು. ಅದೇ ಕೋಳಿ ಬಸ್‌ಸ್ಟಾಪಿನಲ್ಲಿ ಕೂಗಿದ್ದರೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ನಗು ಬಂದದ್ದು ಕೋಳಿಯಿಂದಲ್ಲ, ನಗಬಾರದು ಅನ್ನೋದರಿಂದ.

ಜಪಾನಿನವರು ಇದನ್ನು ಬೇಗ ಕಂಡುಕೊಂಡರು. ಅಲ್ಲಿನ 'ಗಾಕಿ ನೋ ತ್ಸುಕಾಯಿ' ಅನ್ನೋ ಟೀವಿ ಕಾರ್ಯಕ್ರಮದವರು 2006ರಿಂದ 2020ರವರೆಗೆ ಡಿಸೆಂಬರ್ 31ರ ರಾತ್ರಿ ಹಾಸ್ಯನಟರನ್ನು ಒಂದು ಆಸ್ಪತ್ರೆಗೋ ಪೊಲೀಸ್ ಠಾಣೆಗೋ ಬಿಟ್ಟು, ಏನೇ ಆದರೂ ನಗಬೇಡಿ ಅನ್ನುತ್ತಿದ್ದರು. ನಕ್ಕವರ ಕುಂಡಿಗೆ ಏಟು. ನಮ್ಮ ಮೇಷ್ಟ್ರು ಇದನ್ನೇ ಬರೀ ಒಂದು ರೂಲರ್ ಇಟ್ಟುಕೊಂಡು ಸರ್ವಿಸ್ ಪೂರ್ತಿ ನಡೆಸಿದರು. ಕ್ಯಾಮೆರಾ ಇರಲಿಲ್ಲ, ಅಷ್ಟೇ.

ಆ ಏಟು ತಿನ್ನುತ್ತಿದ್ದವರಲ್ಲಿ ಒಬ್ಬ ಹಿತೋಶಿ ಮಾತ್ಸುಮೊತೊ. 2016ರಲ್ಲಿ ಅಮೆಜಾನ್ ಪ್ರೈಮ್‌ಗೆ 'ಡಾಕ್ಯುಮೆಂಟಲ್' ಅಂತ ಶುರು ಮಾಡಿದ. ಹತ್ತು ಹಾಸ್ಯನಟರು, ಒಂದು ಕೋಣೆ, ಆರು ಗಂಟೆ. ಒಬ್ಬೊಬ್ಬರೂ ಕೈಯಿಂದ 10 ಲಕ್ಷ ಯೆನ್ ಕಟ್ಟಿ ಒಳಗೆ ಹೋಗಬೇಕು. ಹೊರಗೆ ನಗಿಸಿ ದುಡಿದದ್ದನ್ನು ಒಳಗೆ ನಗದಿರುವುದಕ್ಕೆ ಕಟ್ಟುವುದು! 2021ರಲ್ಲಿ ಇದರ ಹಿಂದಿ ಅವತಾರವೂ ಬಂತು. ಬೊಮನ್ ಇರಾನಿ, ಅರ್ಷದ್ ವಾರ್ಸಿ ಕಾವಲು, ಬಹುಮಾನ 25 ಲಕ್ಷ ರೂಪಾಯಿ. ನಮ್ಮ ತಾಲೂಕು ಕಚೇರಿಯ ಮೂರನೇ ಕೌಂಟರಿನವರನ್ನು ಕಳಿಸಿದ್ದರೆ ಮಧ್ಯಾಹ್ನ ಊಟಕ್ಕೂ ಏಳದೆ ಗೆದ್ದು ಬರುತ್ತಿದ್ದರು. ಆ ಮುಖದ ಮುಂದೆ ನಾನು ಮೂರು ವಾರ ಎಲ್ಲ ಟ್ರಿಕ್ಕೂ ಮಾಡಿ ನೋಡಿದ್ದೇನೆ, ಅಳುವುದೂ ಸೇರಿ.

ಅಮೆರಿಕದ ಯೂಟ್ಯೂಬ್ ಜೋಡಿ ಫೈನ್ ಸಹೋದರರದ್ದು ಇನ್ನೂ ಚೆನ್ನಾಗಿದೆ. ವಿಡಿಯೊ ನೋಡುವವರ ಮುಖ ತೋರಿಸುವುದು, ನಗದೆ ನೋಡಿ ಅಂತ ಸವಾಲು ಹಾಕುವುದು ಅವರ ಕಸುಬಾಗಿತ್ತು. 2016ರ ಜನವರಿಯಲ್ಲಿ 'ರಿಯಾಕ್ಟ್' ಅನ್ನೋ ಪದಕ್ಕೇ ಟ್ರೇಡ್‌ಮಾರ್ಕ್ ಹಾಕಿಸಿಕೊಳ್ಳಲು ಹೊರಟರು. ಜನ ರಿಯಾಕ್ಟ್ ಮಾಡಿದರು ನೋಡಿ! ಲಕ್ಷಗಟ್ಟಲೆ ಮಂದಿ ಚಾನೆಲ್ ಬಿಟ್ಟುಹೋದರು. ಫೆಬ್ರವರಿ ಹುಟ್ಟುತ್ತಲೇ ಅಣ್ಣತಮ್ಮಂದಿರು ಅರ್ಜಿ ಮಡಚಿಕೊಂಡರು.

ಇಷ್ಟಾದರೂ ಈ ಆಟದ ಅಸಲಿ ಚಾಂಪಿಯನ್‌ಗಳು ನೋಡುಗರೇ. ಮೊನ್ನೆ ಮೆಟ್ರೋದಲ್ಲಿ ನನ್ನ ಪಕ್ಕದವರು ಇಂಥದ್ದೇ ಒಂದು ವಿಡಿಯೊದ ಕೆಳಗೆ 'ಬಿದ್ದು ಬಿದ್ದು ನಕ್ಕೆ' ಅಂತ ಬರೆದು, ಕಣ್ಣೀರು ಸುರಿಸಿ ನಗುವ ಆರು ಇಮೋಜಿ ಒತ್ತಿದರು. ಮುಖ ನೋಡಿದೆ. ಗ್ಯಾಸ್ ಸಿಲಿಂಡರ್ ಕಾಯುವವರ ಮುಖ. ನೀರು ಕೊಟ್ಟಿದ್ದರೆ ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ವರೆಗೆ ಒಂದು ಹನಿ ಚೆಲ್ಲದೆ ಒಯ್ಯುತ್ತಿದ್ದರು.

ಇರಲಿ, ನಮ್ಮ ಹುಡುಗನ ಕಥೆಗೆ ಬರೋಣ. ಬೆಕ್ಕು ಆಯ್ತು, ಜಾರಿ ಬಿದ್ದ ಮದುಮಗ ಆಯ್ತು, ಸೀನುವ ಪಾಂಡಾ ಆಯ್ತು. ಹುಡುಗ ಕಲ್ಲು. ಅಷ್ಟರಲ್ಲಿ ಅಜ್ಜಿ ಬಂದು ಅವನ ಕೆನ್ನೆ ನೋಡಿದರು. ಒಳಗೆ ಹೋಗಿ ಡಬ್ಬಿ ತಡಕಾಡಿ ಬಂದು ಒಂದು ಲವಂಗ ಮುಂದೆ ಹಿಡಿದರು.

"ಎಷ್ಟು ಊದ್ಕೊಂಡಿದೆ ನೋಡು. ಯಾವ ಹಲ್ಲೋ ಮಗಾ?"

ನೀರೆಲ್ಲ ಹೋಗಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಏಕಾದಶಿಯಿಂದ ಅಮಾವಾಸ್ಯೆವರೆಗೆ ಒದ್ದೆ. ಹುಡುಗ ನೆಲದ ಮೇಲೆ ಹೊರಳಾಡಿದ. ನಾನು ಬಾಗಿಲು ಹಿಡಿದುಕೊಂಡು ನಕ್ಕೆ. ಲವಂಗ ಹಿಡಿದುಕೊಂಡೇ ಅಜ್ಜಿಯೂ ನಕ್ಕರು, ಯಾಕೆ ಅಂತ ಗೊತ್ತಿಲ್ಲದೆ.

ಆಮೇಲೆ ಹುಡುಗ ಕಣ್ಣೊರೆಸಿಕೊಂಡು ಫೋನ್ ನೋಡಿದ.

"ಅಯ್ಯೋ, ರೆಕಾರ್ಡೇ ಆಗಿಲ್ಲ! ಅಜ್ಜಿ, ಇನ್ನೊಂದ್ಸಲ ಹಾಗೇ ಬಂದು ಕೇಳು."

ಮತ್ತೆ ನೀರು ತುಂಬಿಕೊಂಡ. ಅಜ್ಜಿ ಒಳಗೆ ಹೋಗಿ, ಲವಂಗ ಹಿಡಿದು ಬಂದು, ಹಾಗೇ ಕೇಳಿದರು. ಹುಡುಗ ಗೆದ್ದ. ನಾನೂ ಗೆದ್ದೆ.