ಯುಗಾದಿ ಅಪ್ಪಂದು, ದಸರಾ ಅಮ್ಮಂದು

ಮೈಸೂರಿನಲ್ಲಿ ದಸರಾ ಹತ್ತಿರ ಬಂತು ಅನ್ನೋದಕ್ಕೆ ಎರಡು ಗುರುತು. ಅರಮನೆಗೆ ಗಜಪಡೆ ಬರುತ್ತದೆ. ಕೌಟುಂಬಿಕ ನ್ಯಾಯಾಲಯಕ್ಕೆ ಮಧ್ಯಂತರ ಅರ್ಜಿಗಳು ಬರುತ್ತವೆ. ಆನೆಗೆ ಪೂಜೆ, ತಾಲೀಮು, ಬೆಲ್ಲ ಎಲ್ಲ ಉಂಟು. ಅರ್ಜಿಗೆ ವಾಯಿದೆ ಮಾತ್ರ.

ಅರ್ಜಿ ಏನಂತ ನಿಮಗೆ ಗೊತ್ತೇ ಇದೆ. ಅಪ್ಪ-ಅಮ್ಮ ಬೇರೆಯಾಗಿದ್ದಾರೆ, ರಜೆಯಲ್ಲಿ ಮಗು ಯಾರ ಮನೆಯಲ್ಲಿರಬೇಕು? ಅಪ್ಪ ದಸರಾ ನೋಡುವ ಪಾಸು, ಗೋಲ್ಡ್ ಕಾರ್ಡ್, ತೆಗೆದಿಟ್ಟಿದ್ದಾನೆ. ಪ್ರೀತಿಗೆ ಪುರಾವೆಯಾಗಿ ಅದರ ಜೆರಾಕ್ಸ್ ಲಗತ್ತಿಸಿದ್ದಾನೆ. ಅಮ್ಮನ ಕಡೆಯವರು ತಕರಾರು ಹಾಕಲು ಟೈಮ್ ಕೇಳುತ್ತಾರೆ. ಸಿಗುತ್ತದೆ. ಅಷ್ಟರಲ್ಲಿ ಕೋರ್ಟಿಗೂ ದಸರಾ ರಜೆ. ಮತ್ತೆ ಕೇಸು ಕೂಗಿಸುವ ಹೊತ್ತಿಗೆ ಅಂಬಾರಿ ಬನ್ನಿಮಂಟಪದ ದಾರಿ ಹಿಡಿದು ಎಷ್ಟೋ ದಿನವಾಗಿರುತ್ತದೆ. ರಜೆಯೇ ಮುಗಿದ ಮೇಲೆ ಅರ್ಜಿ ಯಾಕೆ ಅಂತ ವಿಲೇವಾರಿ. ಬಾಕಿ ಪಟ್ಟಿಯಲ್ಲಿ ಒಂದು ಕಮ್ಮಿ ಆಯ್ತಲ್ಲ, ಸಂತೋಷಪಡೋಣ.

ಹಂಚಿಕೆ ಅಂದರೆ ನಮ್ಮ ಮೈಸೂರು-ಮಂಡ್ಯದವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಕಾವೇರಿ ನೀರಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಅಂದಿತು. ಯಾವ ತಿಂಗಳು ಎಷ್ಟು ಅಂತ ಪಟ್ಟಿ ಇದೆ, ಗಡಿಯ ಬಿಳಿಗುಂಡ್ಲುವಿನಲ್ಲಿ ಅಳತೆ ಇದೆ. ಮಗುವಿನದೂ ಅದೇ ಪದ್ಧತಿ. ಎರಡನೇ ಶನಿವಾರ, ನಾಲ್ಕನೇ ಶನಿವಾರ, ಬೆಳಗ್ಗೆ 11ರಿಂದ ಸಂಜೆ 5. ಅಜ್ಜಿ ಮನೆ ಗೇಟೇ ಬಿಳಿಗುಂಡ್ಲು. ಹುಟ್ಟುಹಬ್ಬಕ್ಕೆ ಎರಡು ಗಂಟೆ ಹೆಚ್ಚುವರಿ ಬಿಡುಗಡೆ. ಪರೀಕ್ಷೆ ಬಂದರೆ, ಮಳೆ ಕೈಕೊಟ್ಟ ವರ್ಷದ ಹಾಗೆ, ಸಂಕಷ್ಟ ಸೂತ್ರ. ಯುಕೆಜಿಯ ಯೂನಿಟ್ ಟೆಸ್ಟ್ ಇದೆ ಅಂತ ಒಳಹರಿವು ಪೂರ್ತಿ ಬಂದ್! ಕೊಡಗಿನಲ್ಲಿ ಚೆನ್ನಾಗಿ ಮಳೆಯಾದ ವರ್ಷ ಎರಡು ರಾಜ್ಯಗಳೂ ತೆಪ್ಪಗಿರುತ್ತವೆ. ಇಲ್ಲಿ ಆ ಭಾಗ್ಯವೂ ಇಲ್ಲ.

2013ರಲ್ಲಿ ನಮ್ಮ ಹೈಕೋರ್ಟು ಒಂದು ಪ್ರಕರಣದಲ್ಲಿ ವರ್ಷವನ್ನೇ ಎರಡು ಭಾಗ ಮಾಡಿತು. ಜನವರಿಯಿಂದ ಜೂನ್ ಅಪ್ಪನ ಬಳಿ, ಜುಲೈಯಿಂದ ಡಿಸೆಂಬರ್ ಅಮ್ಮನ ಬಳಿ. ಹುಡುಗನಿಗೆ ಇಬ್ಬರೂ ಬೇಕು ಅನ್ನುವ ಆಲೋಚನೆ, ತಪ್ಪು ಹೇಳುವ ಹಾಗಿಲ್ಲ. ನನ್ನ ಹಾಳು ಬುದ್ಧಿ ಮಾತ್ರ ಸೀದಾ ಪಂಚಾಂಗಕ್ಕೆ ಹೋಯಿತು. ಸಂಕ್ರಾಂತಿಯ ಎಳ್ಳುಬೆಲ್ಲ, ಯುಗಾದಿಯ ಒಬ್ಬಟ್ಟು, ಮಾವಿನಹಣ್ಣಿನ ಕಾಲ ಪೂರ್ತಿ ಅಪ್ಪಂದು. ಗೌರಿ-ಗಣೇಶ, ದಸರಾ, ದೀಪಾವಳಿ ಅಮ್ಮಂದು. ಪಟಾಕಿ ಖರ್ಚು ಆಕೆಗೆ, ಜೂನ್‌ನಲ್ಲಿ ಪುಸ್ತಕಕ್ಕೆಲ್ಲ ಬೈಂಡ್ ಹಾಕುವ ಕರ್ಮ ಈತನಿಗೆ. ಬೇವು-ಬೆಲ್ಲ ಸಮಸಮ.

2015ರಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಜಂಟಿ ಪಾಲನೆಗೂ ಕಾನೂನಿನಲ್ಲಿ ಜಾಗ ಮಾಡಿ ಅಂತ ಶಿಫಾರಸು ಮಾಡಿತು. ವರದಿ ಎಂದ ಮೇಲೆ ಕಪಾಟು ಇರಲೇಬೇಕಲ್ಲ. ಈಗಲೂ ನಾವು ತೆರೆಯುವುದು ಬ್ರಿಟಿಷರು ಬರೆದ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯನ್ನು. ನಮ್ಮ ಮೈಸೂರು ಝೂ ಶುರುವಾದದ್ದೇ 1892ರಲ್ಲಿ. ಝೂಗೆ ಬ್ಯಾಟರಿ ಗಾಡಿ ಬಂತು, ಮಂಗಳವಾರ ರಜೆಯೂ ಸಿಕ್ಕಿತು.

ಇದರ ಜೊತೆಗೆ 1956ರ ಹಿಂದೂ ಅಪ್ರಾಪ್ತರ ಪೋಷಕತ್ವದ ಕಾಯ್ದೆ. ಮೊದಲು ಅಪ್ಪ ಪೋಷಕ, ಅವನ ನಂತರ ಅಮ್ಮ. ಒಬ್ಬ ತಾಯಿ ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದರೆ, ಅಪ್ಪನ ಸಹಿ ತನ್ನಿ ಅಂದರು. ಗಂಡ-ಹೆಂಡಿರ ನಡುವೆ ಜಗಳವೇ ಇರಲಿಲ್ಲ, ಪಾಪ! ಅಪ್ಪ ಬದುಕಿದ್ದರೂ ಅಮ್ಮ ಪೋಷಕಿ ಆಗಬಹುದು ಅಂತ ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 1999 ಬಂತು. ಅದೇ ಕಾಯ್ದೆಯ ಪ್ರಕಾರ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ಅಮ್ಮನ ಬಳಿ. ಹಾಗಾಗಿ ಕೆಲವು ಮನೆಗಳಿಗೆ ಐದನೇ ಹುಟ್ಟುಹಬ್ಬಕ್ಕೆ ಕೇಕಿನ ಜೊತೆ ನೋಟಿಸೂ ಬರುತ್ತದೆ.

ಎರಡೂ ಕಡೆಯ ಅಫಿಡವಿಟ್ ಓದಿ. 'ಮಗುವಿನ ಹಿತವೇ ಪರಮೋಚ್ಚ' ಅನ್ನುವ ಸಾಲು ಎರಡರಲ್ಲೂ ಇರುತ್ತದೆ, ಟೈಪ್ ಮಾಡುವವನೇ ಒಬ್ಬ ಅನ್ನುವಷ್ಟು ಒಂದೇ ಥರ. ಅದರ ಕೆಳಗೆ ಹಿತದ ವಿವರ. ಅಪ್ಪನ ಮನೆಯಲ್ಲಿ ಎಡಗೈಗೆ ಸೊಳ್ಳೆ ಕಚ್ಚಿದೆ, ಫೋಟೋ ಲಗತ್ತು. ಐಸ್‌ಕ್ರೀಮ್ ಕೊಡಿಸಿ ಶೀತ ಬರಿಸಿದ್ದಾರೆ, ಡಾಕ್ಟರ ಚೀಟಿ ಲಗತ್ತು. ರಾತ್ರಿ ಏಳಕ್ಕೇ ಮಗು ಮಲಗಿದೆ ಅಂತ ವಿಡಿಯೋ ಕಾಲ್ ಕಟ್ ಮಾಡಿದ್ದಾರೆ, ಸ್ಕ್ರೀನ್‌ಶಾಟ್ ಲಗತ್ತು. ಮಗುವನ್ನು ಒಪ್ಪಿಸುವಾಗ ಒಂದು ಪಟ್ಟಿ: ನೀಲಿ ನೀರಿನ ಬಾಟಲಿ ಒಂದು, ಚಡ್ಡಿ ಎರಡು, ಕಂಪಾಸ್ ಬಾಕ್ಸ್ ಒಂದು. ಬಾಟಲಿಯ ಮುಚ್ಚಳ ವಾಪಸ್ ಬರದಿದ್ದರೆ ಮುಂದಿನ ವಾಯಿದೆಗೆ ಅದೇ ವಾದ. 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆಯಲ್ಲಿ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕೇ ಅಲ್ಲ. ವರಾಂಡದಲ್ಲಿ ನಡೆದಾಡಲು ಕರಿ ಕೋಟುಗಳು ಜಾಗ ಬಿಟ್ಟರೆ ಈ ವಿಷಯ ಇನ್ನೊಮ್ಮೆ ಮಾತಾಡೋಣ.

ತಿಳಿವಳಿಕೆಯ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನೂ ಕೇಳಬಹುದು. ಬ್ರಿಟಿಷರೂ ಇಷ್ಟು ಮಾತ್ರ ಒಪ್ಪಿದ್ದರು. ಈಗ ಅದಕ್ಕೂ ಟ್ಯೂಷನ್ ಇದೆ. ಏಳು ವರ್ಷದ ಹುಡುಗಿಯನ್ನು 'ಯಾರ ಜೊತೆ ಇರ್ತೀಯಾ ಪುಟ್ಟಾ?' ಅಂತ ಕೇಳಿದರೆ, 'ಅಪ್ಪ ಜೀವನಾಂಶದ ಬಾಕಿ ಕಟ್ಟಿಲ್ಲ' ಅನ್ನುತ್ತಾಳೆ. ಮೂರರ ಮಗ್ಗಿ ತಡವರಿಸುವ ಮಗು! ಎಂಥಾ ಚುರುಕು ಅಂತ ಅಜ್ಜಿ ಬೀಗುತ್ತಾರೆ.

ಯಾರಿಗೂ ಸೇರದ ಜಾಗದಲ್ಲಿ ಭೇಟಿ ಆಗಲಿ ಅಂತ ಕೆಲವರು ಹೋಟೆಲ್ ಹಿಡಿಯುತ್ತಾರೆ. ಅಪ್ಪ ಮಸಾಲೆ ದೋಸೆ ಮುರಿದು ಚೂರು ಆರಿಸಿ ತಟ್ಟೆಯಂಚಿಗೆ ಇಡುತ್ತಾನೆ. ಪಕ್ಕದ ಟೇಬಲ್‌ನಲ್ಲಿ ಸೋದರಮಾವ ಕಾಫಿ ಲೋಟಕ್ಕೆ ಮೊಬೈಲ್ ಒರಗಿಸಿ ವಿಡಿಯೋ ಮಾಡುತ್ತಾನೆ. ಮಗು ಒಂದು ತುತ್ತಿಗೊಮ್ಮೆ ಆ ಕಡೆ ನೋಡುತ್ತದೆ. ಜಾಸ್ತಿ ನಕ್ಕರೆ ಮನೆಯಲ್ಲಿ ಕೇಳುತ್ತಾರೆ, ನಗದಿದ್ದರೆ ಅಪ್ಪನಿಗೆ ಬೇಜಾರು. ಈ ಲೆಕ್ಕ ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ.

ತಮಾಷೆ ಸಾಕು, ನನಗೂ ಸುಸ್ತಾಯಿತು. ಹೊಡೆತ ತಿಂದು ಮಗು ಕಟ್ಟಿಕೊಂಡು ಓಡಿಬಂದ ಹೆಣ್ಣುಮಕ್ಕಳಿದ್ದಾರೆ. ಅವರ ಭಯಕ್ಕೆ ಕಾರಣವಿದೆ, ಅದನ್ನು ಕೋರ್ಟು ನಿಧಾನವಾಗಿ ಕೇಳಲೇಬೇಕು. ಉಳಿದ ನೀವು ಸೊಳ್ಳೆ ಫೋಟೋದವರು, ಮುಚ್ಚಳದವರು, ಕೂತು ಹತ್ತು ನಿಮಿಷ ಮಾತಾಡಿದರೆ ಮುಗಿಯುತ್ತದೆ. ಮುಗಿಸುವುದು ನಿಮಗೆ ಬೇಡ, ಅಷ್ಟೇ. ಶಾಲೆಯ ರಜೆ ಪಟ್ಟಿ ವರ್ಷದ ಆರಂಭದಲ್ಲೇ ಡೈರಿಯಲ್ಲಿ ಅಚ್ಚಾಗಿರುತ್ತದೆ. ನ್ಯಾಯಾಲಯವೂ ಅದನ್ನು ಜೂನ್‌ನಲ್ಲೇ ತರಿಸಿಕೊಂಡು ರಜೆಯ ಅರ್ಜಿಯನ್ನು ರಜೆಗೆ ಮೊದಲು ತೀರ್ಮಾನಿಸಬಹುದು. ಇದಕ್ಕೆ ಆಯೋಗ ಬೇಕಿಲ್ಲ. ಮತ್ತೆ ಆ ಸೋದರಮಾವ ಮೊಬೈಲ್ ಜೇಬಿಗಿಟ್ಟು ತನ್ನ ಕಾಫಿ ಕುಡಿದು ಎದ್ದು ಹೋಗಲಿ.