ಕತೆಯ ಮೇಲೆ ಮಳೆ ಸುರಿಸಬೇಡಿ

ಮಕ್ಕಳ ಕತೆಯ ಆಡಿಯೊ ಯಾವುದನ್ನೇ ಹಾಕಿ, ಮೊದಲ ಸೆಕೆಂಡಿನಿಂದ ಹಿಂದೆ ಒಂದು ಕೀಬೋರ್ಡ್ ಗುಂಯ್ ಅನ್ನುತ್ತಲೇ ಇರುತ್ತದೆ. ಒಮ್ಮೆ ಮಳೆ ಶುರುವಾಯಿತೋ, ಕತೆ ಮುಗಿದರೂ ನಿಲ್ಲುವುದಿಲ್ಲ. ಹೇಳುವವರ ದನಿ ಕೊಡೆಯಿಲ್ಲದೆ ಸಿಕ್ಕಿಬಿದ್ದಂತೆ ಕೇಳಿಸುತ್ತದೆ.

ಯಕ್ಷಗಾನ ನೋಡಿದವರಿಗೆ ಇದರ ಎಡವಟ್ಟು ಬೇಗ ತಿಳಿಯಬೇಕು. ಹಾಡು ಮುಗಿದು ವೇಷಧಾರಿ ಅರ್ಥ ಹೇಳಲು ನಿಂತನೆಂದರೆ ಚಂಡೆ, ಮದ್ದಳೆ ಸುಮ್ಮನಾಗುತ್ತವೆ. ಮಾತಿಗೊಂದು ಸರದಿ, ವಾದ್ಯಕ್ಕೊಂದು ಸರದಿ. ಮಕ್ಕಳ ಕತೆಗೆ ಇದು ಇನ್ನೂ ಮುಖ್ಯ. ಗದ್ದಲದ ನಡುವೆ ಅರ್ಧ ಕೇಳಿದ ಪದವನ್ನು ನಾವು ಊಹಿಸಿಕೊಳ್ಳುತ್ತೇವೆ. ಐದು ವರ್ಷದ ಮಗುವಿನ ಹತ್ತಿರ ಊಹಿಸಲು ಅಷ್ಟು ಪದಗಳೇ ಇರುವುದಿಲ್ಲ. ಮಳೆಯ ಸದ್ದು ಸ, ಶ, ಚ ಇವನ್ನು ಮೊದಲು ನುಂಗುತ್ತದೆ. ತರಗತಿಯಲ್ಲಿ ಟೀಚರ್ ದನಿ ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕು ಎಂಬುದು ಶ್ರವಣ ತಜ್ಞರ ಲೆಕ್ಕ. ಮಾತಿನಡಿ ಸಂಗೀತ ಬೇಕೇಬೇಕು ಅನ್ನುವವರು 18ರಿಂದ 20 ಡೆಸಿಬೆಲ್ ಕೆಳಗಿಡಿ. ಬೇಡವಾದರೆ ಇನ್ನೂ ಒಳ್ಳೆಯದು.

ಕಾಗಕ್ಕ ಗುಬ್ಬಕ್ಕನ ಕತೆ ತಗೊಳ್ಳಿ. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗಿದೆ, ಗುಬ್ಬಕ್ಕನ ಕಲ್ಲಿನ ಮನೆಯ ಬಾಗಿಲಿಗೆ ಬಂದಿದ್ದಾಳೆ. ಸಾಮಾನ್ಯವಾಗಿ ಏನಾಗುತ್ತದೆ? "ಕಾಗಕ್ಕ ಟಕಟಕ ಅಂತ ಬಾಗಿಲು ಬಡಿದಳು" ಎಂದು ಹೇಳಿ, ಅದರ ಮೇಲೇ ಟಕಟಕ ಸದ್ದನ್ನೂ ಅಂಟಿಸುತ್ತಾರೆ. ಒಂದೇ ಸಂಗತಿ ಎರಡು ಸಲ. ಆ ವಾಕ್ಯವನ್ನೇ ಹೊಡೆದುಹಾಕಿ. ಮೊದಲು ಟಕ್ ಟಕ್. ಅರ್ಧ ಸೆಕೆಂಡು ಏನೂ ಬೇಡ. ಆಮೇಲೆ "ಗುಬ್ಬಕ್ಕಾ, ಬಾಗಿಲು ತೆಗಿಯೇ!" ಬಡಿದದ್ದು ಯಾರೆಂದು ಮಗು ಯೋಚಿಸುವುದು ಆ ಅರ್ಧ ಸೆಕೆಂಡಿನಲ್ಲೇ.

ಗುಬ್ಬಕ್ಕ "ತಾಳು, ಮಗೂಗೆ ನೀರು ಹಾಕ್ತಿದೀನಿ" ಅನ್ನುತ್ತಾಳೆ, ಆಮೇಲೆ ಊಟ ಮಾಡಿಸ್ತಿದೀನಿ, ಮಲಗಿಸ್ತಿದೀನಿ. ಪ್ರತಿ ಸಲವೂ ಅದೇ ಫೈಲನ್ನು ಅಂಟಿಸಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಮೊದಲ ಸಲ ಬೆರಳ ಗೆಣ್ಣಿನಿಂದ ಬಡಿಯಿರಿ, ಎರಡನೆಯ ಸಲ ಅಂಗೈಯಿಂದ ದಬದಬ, ಮೂರನೆಯ ಸಲ ಮೆಲ್ಲಗೆ, ಸುಸ್ತಾದವರ ಹಾಗೆ. ಮಳೆ ಶುರುವಿನಲ್ಲಿ ನಾಲ್ಕು ಸೆಕೆಂಡು ಜೋರಾಗಿರಲಿ, ಮಾತು ಬಂದಾಗ ಇಳಿಯಲಿ. ಕಾಗಕ್ಕ ಒಳಗೆ ಬಂದು ಬಾಗಿಲು ಮುಚ್ಚಿದ ಕೂಡಲೇ ಮಳೆಯಲ್ಲಿ 1000 ಹರ್ಟ್ಜ್‌ಗಿಂತ ಮೇಲಿನ ಚೂಪು ಸದ್ದನ್ನು, ತಗ್ಗು ಸದ್ದನ್ನಷ್ಟೇ ಬಿಡುವ ಲೋ-ಪಾಸ್ ಫಿಲ್ಟರ್‌ನಿಂದ ಕತ್ತರಿಸಿ. ಮಳೆ ಹೊರಗುಳಿಯುತ್ತದೆ, ಮನೆ ಬೆಚ್ಚಗಾಗುತ್ತದೆ. ಆಡಾಸಿಟಿ ಎಂಬ ಆಡಿಯೊ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದು ನಿಮಿಷದ ಕೆಲಸ, ಅದೂ ಪುಕ್ಕಟೆ.

ಕಾಗಕ್ಕ ಕತ್ತಲಲ್ಲಿ ಕಡಲೆ ತಿನ್ನುವ ಕಟುಂಕುಟುಂ ಮಾತ್ರ ಬಾಯಲ್ಲೇ ಬರಬೇಕು. ಧೋ, ಜಿಟಿಜಿಟಿ, ಸರಸರ, ಬುಳುಬುಳು ಎಂದು ಸದ್ದಿಗೇ ಇಷ್ಟು ಪದ ಇಟ್ಟುಕೊಂಡ ಭಾಷೆಯವರು ಎಲ್ಲದಕ್ಕೂ ಡೌನ್‌ಲೋಡ್‌ಗೆ ಓಡುವುದು ನನಗಂತೂ ಅರ್ಥವಾಗುವುದಿಲ್ಲ. ಐದು ನಿಮಿಷದ ಕತೆಗೆ ಹೊರಗಿನ ಸದ್ದು ಐದಾರು ಸಾಕು.

ಅವನ್ನೂ ಮನೆಯಲ್ಲೇ ಮಾಡಬಹುದು. ಮೊರದಲ್ಲಿ ಒಂದು ಹಿಡಿ ರಾಗಿ ಹಾಕಿ ನಿಧಾನ ವಾಲಿಸಿದರೆ ತುಂತುರು, ಅಕ್ಕಿ ಹಾಕಿದರೆ ದಪ್ಪ ಹನಿ. ಸ್ಟೀಲ್ ತಟ್ಟೆ ಬೇಡ, ಮಳೆಯ ಬದಲು ಪಾತ್ರೆ ಕೇಳಿಸುತ್ತದೆ. ಹಳೆಯ ಎಕ್ಸ್‌ರೇ ಹಾಳೆಯ ಒಂದು ಅಂಚು ಹಿಡಿದು ಅಲುಗಾಡಿಸಿ, ಗುಡುಗು. ಕುದುರೆಗೆ ತೆಂಗಿನ ಕರಟ ಎರಡು. ಮಣ್ಣಿನ ದಾರಿಯಾದರೆ ಒಳಗೆ ಬಟ್ಟೆ ತುರುಕಿ. ಚಿಪ್ಸ್ ಪೊಟ್ಟಣ ಮೈಕಿನ ಹತ್ತಿರ ಮೆಲ್ಲಗೆ ಹಿಸುಕಿದರೆ ಬೆಂಕಿ, ಒಣ ಟವೆಲ್ ಪಟಪಟ ಒದರಿದರೆ ರೆಕ್ಕೆ.

ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡುವುದಾದರೆ ಬಾಯಿಂದ ಒಂದು ಗೇಣು ದೂರ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಪ, ಫ, ಭ ಬಂದಾಗಲೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ಫ್ಯಾನ್ ಆರಿಸಿ, ಹಾಸಿಗೆ, ಬಟ್ಟೆ ತುಂಬಿದ ಕೋಣೆ ಒಳ್ಳೆಯದು. ಬಹಳ ಜನ ಎಡವುವುದು ಇಲ್ಲಿ: ಫೋನಿನ ನಾಯ್ಸ್ ರಿಡಕ್ಷನ್ ಆನ್ ಇದ್ದರೆ ಅದು ನಿಮ್ಮ ರಾಗಿ ಮಳೆಯನ್ನೇ ಗದ್ದಲವೆಂದು ತಿಳಿದು ಅಳಿಸಿಹಾಕುತ್ತದೆ. ಮೊದಲು ಅದನ್ನು ಆಫ್ ಮಾಡಿ. ಇನ್ನು ಗುಡುಗಿನ ತಳದ ಗುಡುಗುಡು ಫೋನಿನ ಪುಟ್ಟ ಸ್ಪೀಕರಿನಲ್ಲಿ ಬರುವುದೇ ಇಲ್ಲ. ಮೊದಲಿಗೆ ಒಂದು ಚಟಾರ್ ಸೇರಿಸದಿದ್ದರೆ ಗುಡುಗಿದ್ದೇ ಗೊತ್ತಾಗದು. ಮಲಗಿಸುವ ಕತೆಯಲ್ಲಿ ಆ ಚಟಾರ್ ಖಂಡಿತ ಬೇಡ.

ತರಗತಿಯಲ್ಲಿ ಎದುರು ಕೂತು ಹೇಳುವವರು ಬ್ಲೂಟೂತ್ ಸ್ಪೀಕರ್ ನಂಬಬೇಡಿ. ಸದ್ದು ತಡವಾಗಿ ಬರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಕೆಲವು ಸ್ಪೀಕರ್ ನಿದ್ದೆಗೆ ಜಾರಿ ಮೊದಲ ಟಕ್ಕನ್ನೇ ನುಂಗಿಬಿಡುತ್ತವೆ. ವೈರ್ ಹಾಕಿ. ಅದಕ್ಕಿಂತ ಮೂವತ್ತು ಮಕ್ಕಳೇ ವಾಸಿ: ಅಂಗೈ ಉಜ್ಜಿದರೆ ಗಾಳಿ, ಚಿಟಿಕೆ ಹೊಡೆದರೆ ಹನಿ, ತೊಡೆ ತಟ್ಟಿದರೆ ಜಡಿಮಳೆ. ನಿಲ್ಲಿಸುವಾಗ ಇದೇ ಕ್ರಮವನ್ನು ಹಿಂದುಮುಂದು ಮಾಡಿ. ಆದರೆ ಕತೆಗೆ ಮೊದಲೇ, ಮುಷ್ಟಿ ಮುಚ್ಚಿದರೆ ನಿಲ್ಲಿಸಬೇಕು ಎಂಬುದನ್ನು ಮೂರು ಸಲ ಆಡಿಸಿ ರೂಢಿ ಮಾಡಿಸಿ. ಇಲ್ಲದಿದ್ದರೆ ಬೆಲ್ ಹೊಡೆಯುವವರೆಗೂ ಮಳೆಯೇ.

ಸಂಗೀತದ ಬಗ್ಗೆ ಹೆಚ್ಚೇನಿಲ್ಲ. ಶುರುವಿಗೊಂದು, ಮುಗಿಯುವಾಗೊಂದು, ನಾಲ್ಕೈದು ಸೆಕೆಂಡಿನ ತುಣುಕು. ನಡುವೆ ಪದ ಹಾಡುವುದಿದ್ದರೆ ಹಾಡುವವರ ಶ್ರುತಿಗೆ ವಾದ್ಯ ಹೊಂದಲಿ, ವಾದ್ಯಕ್ಕೆ ಹೆದರಿ ಅವರು ಕಿರುಚುವಂತಾಗಬಾರದು. ರಾಗ ಯಾರಪ್ಪನದೂ ಅಲ್ಲ, ಅದರ ರೆಕಾರ್ಡಿಂಗ್‌ಗೆ ಮಾತ್ರ ಒಡೆಯರಿರುತ್ತಾರೆ: ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಸದ್ದುಗಳು ಸಿಗುವ ಫ್ರೀಸೌಂಡ್ ಜಾಲತಾಣದಲ್ಲಿ ಫೈಲಿನ ಪರವಾನಗಿ ಸಿಸಿ ಝೀರೊ (ಹಕ್ಕು ಬಿಟ್ಟುಕೊಟ್ಟದ್ದು) ಎಂದಿದ್ದರೆ ನಿಶ್ಚಿಂತೆಯಿಂದ ಬಳಸಿ. ಬಿವೈ ಎಂದಿದ್ದರೆ ಹೆಸರು ಹಾಕಿ. ಎನ್‌ಸಿ, ಅಂದರೆ ವ್ಯಾಪಾರಕ್ಕಲ್ಲ, ಎಂದಿದ್ದರೆ ಜಾಹೀರಾತಿನ ದುಡ್ಡು ಬರುವ ಚಾನೆಲ್ಲಿಗೆ ಬೇಡ.

ಎಡಿಟ್ ಮುಗಿದ ಮೇಲೆ ಹೆಡ್‌ಫೋನ್ ತೆಗೆದಿಡಿ. ಫೋನನ್ನು ಅಡುಗೆಕಟ್ಟೆಯ ಮೇಲಿಟ್ಟು, ಒಗ್ಗರಣೆ ಸಿಡಿಯುವಾಗ ಒಮ್ಮೆ ಕೇಳಿ. ಯಾವ ಪದ ಕೈತಪ್ಪಿತೋ, ಅಲ್ಲಿ ಅದರಡಿ ಇರುವುದನ್ನೆಲ್ಲ ತೆಗೆಯಿರಿ.